ಕಾರ್ ಪಾರ್ಕಿಂಗ್ ಮೇಲೊಂದು ರೋಮನ್ ತೋಟ

ಅಮೆರಿಕಾದ ಲಾಸ್ ಏಂಜಲೀಸ್ ಹತ್ರ ಇರೋ ಗೆಟ್ಟಿ ವಿಲ್ಲಾ ಅನ್ನೋ ಮ್ಯೂಸಿಯಂನ ಫೋಟೋ ನೀವು ಎಲ್ಲಾದ್ರೂ ನೋಡಿರ್ತೀರ, ಉದ್ದಾನುದ್ದ ಕೊಳ, ಎರಡೂ ಕಡೆ ಬಿಳಿ ಕಂಬಗಳ ಸಾಲು, ಮೊಣಕಾಲೆತ್ತರಕ್ಕೆ ಕತ್ತರಿಸಿ ಮಟ್ಟ ಮಾಡಿದ ಹಸಿರು ಬೇಲಿ, ಮಧ್ಯೆ ಮಧ್ಯೆ ಕಪ್ಪು ಕಂಚಿನ ವಿಗ್ರಹಗಳು, ದೂರದಲ್ಲಿ ಸಮುದ್ರ. ಲಾಸ್ ಏಂಜಲೀಸ್‌ನಲ್ಲಿ ಇರೋ ಅರ್ಧ ಜನ ಅಲ್ಲಿಗೆ ಹೋಗಿ ಒಂದು ಫೋಟೋ ಹಾಕೇ ಹಾಕ್ತಾರೆ. ಆದ್ರೆ ಫೋಟೋದಲ್ಲಿ ಕಾಣದೇ ಇರೋ ಒಂದು ವಿಷಯ ಇದೆ, ಆ 2000 ವರ್ಷ ಹಳೇ ಸ್ಟೈಲಿನ ತೋಟವನ್ನ 1974ರಲ್ಲಿ ಮಾಡಿದಾಗ ಅದರ ಕೆಳಗೆ ಕಟ್ಟಿದ್ದು ಕಾರ್ ಪಾರ್ಕಿಂಗ್. ಅಂದ್ರೆ ನೀವು ನೋಡ್ತಿರೋ ದಾಳಿಂಬೆ ಗಿಡ, ಗುಲಾಬಿ, ಕೊಳ ಎಲ್ಲಾ ಒಂದು ಕಾಂಕ್ರೀಟ್ ತಾರಸಿ ಮೇಲೆ ನಿಂತಿದೆ.

ಅಪ್ಪ ಅಮ್ಮನ್ನ ಕರ್ಕೊಂಡು ಅಲ್ಲಿಗೆ ಹೋದಾಗ ಇದನ್ನ ಅಪ್ಪನಿಗೆ ಹೇಳಿದ್ದೇ ತಪ್ಪಾಯ್ತೇನೋ ಅನ್ನೋ ಹಾಗೆ, ಆಮೇಲೆ ಇಡೀ ದಿನ ಅವರು ವಿಗ್ರಹ ನೋಡೋದು ಬಿಟ್ಟು ನೆಲ ನೋಡ್ಕೊಂಡೇ ಓಡಾಡಿದ್ರು. ಅಪ್ಪ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡ್ಕೊಂಡಿರೋ ಮನುಷ್ಯ, ಎಲ್ಲಿ ಹೋದ್ರೂ ಮೊದಲನೇ ಪ್ರಶ್ನೆ ನೀರು ಎಲ್ಲಿಂದ ಬರುತ್ತೆ, ಎರಡನೇದು ನೀರು ಎಲ್ಲಿಗೆ ಹೋಗುತ್ತೆ. "ಹಂಗಾದ್ರೆ ಮಣ್ಣು ಎಷ್ಟಡಿ ಹಾಕಿದಾರೆ? ಬೇರು ಎಲ್ಲಿಗ್ ಹೋಗ್ಬೇಕು ಮಾರಾಯ್ತಿ?" ಅಂತ ಕೇಳಿದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ.

ಈ ಜಾಗದ ಕಥೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಮಾಲೀಕ ಬಹಳ ವಿಚಿತ್ರ ಆಸಾಮಿ. ಜೆ. ಪಾಲ್ ಗೆಟ್ಟಿ, ಎಣ್ಣೆ ಬಾವಿಗಳ ದೊರೆ, ಆ ಕಾಲಕ್ಕೆ ಅಮೆರಿಕಾದಲ್ಲೇ ಅತಿ ದೊಡ್ಡ ಶ್ರೀಮಂತ ಅಂತ 1957ರಲ್ಲಿ ಪತ್ರಿಕೆಯವರೇ ಪಟ್ಟ ಕಟ್ಟಿದ್ರು. 1945ರಲ್ಲಿ ಮಾಲಿಬು ಹತ್ರ ಸಮುದ್ರಕ್ಕೆ ಮುಖ ಮಾಡಿರೋ ಒಂದು ಕಣಿವೇಲಿ 64 ಎಕರೆ ಎಸ್ಟೇಟ್ ತಗೊಂಡ, ಒಂದು ಹಳೇ ರಾಂಚ್ ಮನೆ ಸಮೇತ. 1954ರಲ್ಲಿ ಆ ಮನೇಲೇ ತನ್ನ ಹಳೇ ವಿಗ್ರಹ, ಪೀಠೋಪಕರಣ ಎಲ್ಲಾ ಇಟ್ಟು ಮ್ಯೂಸಿಯಂ ತೆಗೆದ. ಜಾಗ ಸಾಲ್ದೇ ಹೋದಾಗ ಎಲ್ಲರೂ ಮಾಡೋ ಹಾಗೆ ಗಾಜು ಸ್ಟೀಲಿನ ಕಟ್ಟಡ ಕಟ್ಟಿಸ್ಲಿಲ್ಲ, ಇಟಲಿಯ ಹರ್ಕ್ಯುಲೇನಿಯಂನಲ್ಲಿ ಬೂದಿ ಕೆಳಗೆ ಹೂತು ಹೋಗಿರೋ ಒಂದು ರೋಮನ್ ಬಂಗಲೆಯನ್ನೇ ಇಲ್ಲಿ ಎಬ್ಬಿಸಿ ಅಂದ. ಆಗ ಅವನು ಇದ್ದಿದ್ದು ಇಂಗ್ಲೆಂಡಿನ ಸರ್ರೆಯಲ್ಲಿ, ಸಟನ್ ಪ್ಲೇಸ್ ಅನ್ನೋ ಟ್ಯೂಡರ್ ಕಾಲದ ಹಳ್ಳಿ ಬಂಗಲೇಲಿ. ಅಲ್ಲಿಗೆ ಬಂದ ಅತಿಥಿಗಳು ಫೋನ್ ಬಿಲ್ ಏರಿಸ್ತಾರೆ ಅಂತ ಮನೆ ಒಳಗೆ ಕಾಯಿನ್ ಫೋನ್ ಹಾಕಿಸಿದ್ದ ಪುಣ್ಯಾತ್ಮ ಇವನೇ. ಅಲ್ಲೇ ಕೂತು ಪ್ಲಾನು, ಫೋಟೋ, ಖರ್ಚಿನ ಲೆಕ್ಕ ಎಲ್ಲಾ ತರಿಸಿ ನೋಡ್ತಿದ್ದ. 1974ರ ಜನವರೀಲಿ ವಿಲ್ಲಾ ಓಪನ್ ಆಯ್ತು, 1976ರಲ್ಲಿ ಅವನು ತೀರ್ಕೊಂಡ, ಮಧ್ಯೆ ಒಂದ್ಸಲನೂ ಬಂದು ನೋಡ್ಲಿಲ್ಲ. ಸತ್ತ ಮೇಲೆ ತಂದು ಅದೇ ಎಸ್ಟೇಟಿನಲ್ಲೇ ಹೂಳಿದಾರೆ, ಆ ಜಾಗಕ್ಕೆ ನಮ್ಮನ್ನ ಬಿಡಲ್ಲ.

ಓಪನ್ ಆದಾಗ ಕಲಾ ವಿಮರ್ಶಕರು ಹಿಗ್ಗಾಮುಗ್ಗಾ ಆಡ್ಕೊಂಡ್ರು, ಡಿಸ್ನಿಲ್ಯಾಂಡ್ ಅಂದ್ರು, ದುಡ್ಡಿದ್ದೋರ ತೆವಲು ಅಂದ್ರು. ಜನ ಮಾತ್ರ ಕಾರ್ ತಗೊಂಡು ಬರ್ತಾನೇ ಇದ್ರು. ನಂಗೆ ಎರಡೂ ಅರ್ಥ ಆಗುತ್ತೆ. ಆದ್ರೆ ಇಡೀ ಜಾಗವನ್ನ ನಕಲಿ ಅಂತ ಒಂದೇ ಮಾತಲ್ಲಿ ತಳ್ಳಿ ಹಾಕೋರು ಯಾವುದು ನಕಲಿ, ಯಾವುದು ಅಲ್ಲ ಅಂತ ಬಿಡಿಸಿ ನೋಡಲ್ಲ, ನಂಗೆ ಇಂಟರೆಸ್ಟ್ ಇರೋದು ಅಲ್ಲೇ.

ಮೂಲ ಬಂಗಲೆ ಹೆಸರು ವಿಲ್ಲಾ ಡೀ ಪಪಿರಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತು ಹೋಯ್ತು. 1750ರಲ್ಲಿ ಬಾವಿ ತೋಡೋರಿಗೆ ಆಳದಲ್ಲಿ ಬಣ್ಣದ ಅಮೃತಶಿಲೆ ನೆಲ ಸಿಕ್ತು, ಆಮೇಲೆ ಕಾರ್ಲ್ ವೆಬರ್ ಅನ್ನೋ ಸ್ವಿಸ್ ಮಿಲಿಟರಿ ಇಂಜಿನಿಯರ್ ಸುರಂಗ ತೋಡಿಸ್ಕೊಂಡು ಹೋಗಿ, ಗಟ್ಟಿಯಾದ ಬೂದಿಕಲ್ಲಿನ ಒಳಗೆ ದೀಪ ಹಿಡ್ಕೊಂಡು ಅಳತೆ ತೆಗೆದು ಪ್ಲಾನ್ ಬರೆದ. 80ಕ್ಕೂ ಹೆಚ್ಚು ವಿಗ್ರಹ ಮೇಲೆ ತಂದ್ರು, ಸುಟ್ಟು ಕರಕಲಾದ ನೂರಾರು ಪಪೈರಸ್ ಸುರುಳಿಗಳೂ, ಅಂದ್ರೆ ಆ ಕಾಲದ ಪುಸ್ತಕಗಳೂ ಸಿಕ್ವು, ಆ ಹೆಸರು ಬಂದಿದ್ದು ಅದರಿಂದಲೇ. ಈಗ ಕಂಪ್ಯೂಟರ್, ಎಐ ಇಟ್ಕೊಂಡು ಬಿಚ್ಚದೇನೇ ಓದ್ತಿದಾರಲ್ಲ, ಅದೇ ಸುರುಳಿಗಳು. ಜೂಲಿಯಸ್ ಸೀಸರನ ಮಾವ ಪೀಸೋನ ಮನೆ ಇದಿರ್ಬೇಕು ಅಂತ ಬಹಳ ವಿದ್ವಾಂಸರ ಊಹೆ.

ಗಮನಿಸ್ಬೇಕಾದ ವಿಷಯ ಏನಂದ್ರೆ ಆ ಬಂಗಲೆಯ ದೊಡ್ಡ ತೋಟ ಇವತ್ತಿಗೂ ಮೇಲೆ ಬಂದಿಲ್ಲ. 1990ರ ದಶಕದಲ್ಲಿ ಒಂದು ಮೂಲೆ ತೆರೆದಿದಾರೆ ಅಷ್ಟೇ, ತೋಟದ ಭಾಗ ಇನ್ನೂ 20 ಮೀಟರ್‌ಗೂ ಹೆಚ್ಚು ಆಳದಲ್ಲಿ ಇದೆ. ವೆಬರ್ ಸುರಂಗದಲ್ಲಿ ತೆವ್ಕೊಂಡು ಹೋಗಿ ಕಂಬ ಎಷ್ಟು, ಕೊಳ ಎಷ್ಟುದ್ದ, ಯಾವ ವಿಗ್ರಹ ಎಲ್ಲಿ ಸಿಕ್ತು ಅಂತ ಬರೆದಿಟ್ಟ, ಗಿಡ ಯಾವುದಿತ್ತು ಅಂತ ಬರೆಯೋಕೆ ಅವನಿಗೆ ಸಾಧ್ಯನೂ ಇರ್ಲಿಲ್ಲ. ಹಾಗಾಗಿ ಗೆಟ್ಟಿ ವಿಲ್ಲಾದಲ್ಲಿ ಕೊಳದ ಉದ್ದ ನಂಬಬಹುದು, ಅಲ್ಲಿ ಸುಮಾರು 66 ಮೀಟರ್, ಇಲ್ಲಿ 220 ಅಡಿ, ಲೆಕ್ಕ ಸರಿಯಾಗೇ ಬರುತ್ತೆ. ವಿಗ್ರಹಗಳೂ ನಂಬಬಹುದು, ನೇಪಲ್ಸ್ ಮ್ಯೂಸಿಯಂನಲ್ಲಿರೋ ಅಸಲಿಗಳ ಅಚ್ಚಿನಿಂದ ನೇಪಲ್ಸ್‌ನ ಕಿಯುರಾಜ್ಜಿ ಅನ್ನೋ ಎರಕದವರೇ ಹೊಯ್ದು ಕೊಟ್ಟಿದ್ದು. ಗಿಡಗಳ ವಿಷಯ ಬಂದ್ರೆ ಮಾತ್ರ ಎಲ್ಲಾ ಕಡ ತಂದಿದ್ದು, ಅದೇ ವೆಸುವಿಯಸ್ ಹೂತು ಹಾಕಿದ ಇನ್ನೊಂದು ಊರು ಪಾಂಪೇಯಿಂದ, ಗೋಡೆ ಚಿತ್ರಗಳಿಂದ, ಹಳೇ ಲ್ಯಾಟಿನ್ ಬರಹಗಳಿಂದ.

ಕಡ ತಂದಿದ್ದಾದ್ರೂ ಎಷ್ಟು ಚೆನ್ನಾಗಿ ತಂದಿದಾರೆ ಅನ್ನೋದಕ್ಕೆ ವಿಲ್ಹೆಲ್ಮಿನಾ ಜಶೆಮ್ಸ್ಕಿ ಅನ್ನೋ ಅಮೆರಿಕನ್ ಇತಿಹಾಸಕಾರ್ತಿ ಬಗ್ಗೆ ಹೇಳ್ಲೇಬೇಕು, ನನ್ನ ಮಟ್ಟಿಗೆ ಈ ಇಡೀ ಕಥೆಯ ಹೀರೋಯಿನ್ ಇವರೇ. ಅವರಿಗಿಂತ ಮುಂಚೆ ಪಾಂಪೇಯಲ್ಲಿ ಅಗೆಯೋರಿಗೆ ತೋಟ ಅಂದ್ರೆ ಮನೆಗಳ ಮಧ್ಯೆ ಇರೋ ಖಾಲಿ ಜಾಗ, ಏನೂ ಸಿಗಲ್ಲ ಅಂತ ಬೇಗ ಬೇಗ ಮಣ್ಣೆತ್ತಿ ಎಸೀತಿದ್ರು. ಇವರು ನೋಡಿದ್ದು ಏನಂದ್ರೆ ಜ್ವಾಲಾಮುಖಿ ಉಗುಳಿದ ಸಣ್ಣ ಸಣ್ಣ ಹಗುರ ಕಲ್ಲುಗಳ ಕೆಳಗೆ ಆ ಕಾಲದ ತೋಟದ ಮಣ್ಣು ಹಾಗೇ ಇದೆ, ಗಿಡ ಸತ್ತು ಬೇರು ಕೊಳೆತಾಗ ಬೇರಿದ್ದ ತೂತಿನೊಳಗೆ ಈ ಕಲ್ಲುಗಳು ಇಳ್ಕೊಂಡು ತುಂಬ್ಕೊಂಡಿವೆ. ಆ ಕಲ್ಲು ಒಂದೊಂದೇ ತೆಗೆದು, ಒಳಗೆ ತಂತಿ ಇಳಿಸಿ, ಸಿಮೆಂಟ್ ಹೊಯ್ದು, ಕೆಲವು ದಿನ ಗಟ್ಟಿಯಾಗೋಕೆ ಬಿಟ್ಟು, ಸುತ್ತ ಮಣ್ಣು ಬಿಡಿಸಿದ್ರೆ 79ನೇ ಇಸವಿ ಬೇರು ಸಿಮೆಂಟಿನಲ್ಲಿ ಎದ್ದು ಬರುತ್ತೆ! ಬೇರಿನ ಆಕಾರ ನೋಡಿ ಇದು ದ್ರಾಕ್ಷಿ, ಇದು ಆಲಿವ್, ಇದು ಅಂಜೂರ ಇರ್ಬಹುದು ಅಂತ ಹೇಳ್ತಿದ್ರು, ಜೊತೆಗೆ ಸುಟ್ಟ ಕಾಳು, ಪರಾಗ ಎಲ್ಲಾ ಲ್ಯಾಬಿಗೆ ಕಳಿಸ್ತಿದ್ರು. ಅವರ ಗಂಡ ಸ್ಟ್ಯಾನ್ಲಿ ಫಿಸಿಕ್ಸ್ ಓದಿದೋರು, ರಜೆಯೆಲ್ಲಾ ಅಲ್ಲೇ ಫೋಟೋ ತೆಕ್ಕೊಂಡು, ಅಳತೆ ಹಿಡ್ಕೊಂಡು ಕಳೆದ್ರಂತೆ. ಪಾಂಪೇಯ ಆಂಫಿಥಿಯೇಟರ್ ಹತ್ರ ದನದ ಸಂತೆ ಮೈದಾನ ಅಂತ ಎಲ್ಲರೂ ಅನ್ಕೊಂಡಿದ್ದ ದೊಡ್ಡ ಜಾಗದಲ್ಲಿ ಇವರಿಗೆ 2000ಕ್ಕೂ ಹೆಚ್ಚು ದ್ರಾಕ್ಷಿ ಬಳ್ಳಿ ಬೇರಿನ ತೂತು ಸಿಕ್ವು, ಪ್ರತಿ ಬಳ್ಳಿ ಪಕ್ಕ ಊರುಗೋಲಿನ ತೂತು ಬೇರೆ. ಊರೊಳಗೇ ಅಷ್ಟು ದೊಡ್ಡ ದ್ರಾಕ್ಷಿ ತೋಟ!

ಇದನ್ನ ಅಪ್ಪನಿಗೆ ಹೇಳ್ದಾಗ ಸ್ವಲ್ಪ ಹೊತ್ತು ಸುಮ್ನಿದ್ದು, "ಸಾಲಿಂದ ಸಾಲಿಗೆ ಎಷ್ಟು ಅಂತರ ಬಿಟ್ಟಿದ್ರಂತೆ?" ಅಂದ್ರು. ಸುಮಾರು ನಾಲ್ಕು ರೋಮನ್ ಅಡಿ ಅಂತೆ ಅಂದೆ. "ಹತ್ರಾಯ್ತು" ಅಂದ್ರು. ಸತ್ತು ಎರಡು ಸಾವಿರ ವರ್ಷ ಆದ ರೈತನ ತೋಟದಲ್ಲೂ ತಪ್ಪು ಹುಡುಕ್ತಾರೆ, ಏನ್ ಮಾಡೋದು.

ಇಲ್ಲಿ ಇಂಗ್ಲೆಂಡಿನ ಫಿಶ್‌ಬೋರ್ನ್ ಜೊತೆ ಹೋಲಿಸಿ ನೋಡಿದ್ರೆ ಮಜಾ ಬರುತ್ತೆ. 1960ರಲ್ಲಿ ಸಸೆಕ್ಸ್‌ನಲ್ಲಿ ನೀರಿನ ಪೈಪ್ ಹಾಕೋಕೆ ಗುಂಡಿ ತೋಡುವಾಗ ಒಂದು ದೊಡ್ಡ ರೋಮನ್ ಅರಮನೆ ಸಿಕ್ತು, ಬ್ಯಾರಿ ಕನ್ಲಿಫ್ ಅಂತ ಆಗಿನ್ನೂ ಚಿಕ್ಕ ವಯಸ್ಸಿನ ಪುರಾತತ್ವಜ್ಞ ಅಲ್ಲಿ ಅಗೆಸಿದ್ರು. ಅಂಗಳದಲ್ಲಿ ಬೇಲಿ ಗಿಡ ನೆಡೋಕೆ ರೋಮನ್ನರು ತೋಡಿ ಒಳ್ಳೇ ಮಣ್ಣು ತುಂಬಿದ್ದ ಕಾಲುವೆಗಳು ಹಾಗೇ ಸಿಕ್ವು, ಒಳಕ್ಕೂ ಹೊರಕ್ಕೂ ಕಚ್ಚು ಕಚ್ಚಾಗಿ ಹೋಗೋ ಡಿಸೈನ್ ಸಮೇತ. ಈಗ ಅದೇ ಗೆರೆ ಮೇಲೆ ಬಾಕ್ಸ್‌ವುಡ್ ಗಿಡ ನೆಟ್ಟಿದಾರೆ. ಅಂದ್ರೆ ಅಲ್ಲಿ ಬೇಲಿಯ ಗೆರೆ ನೂರಕ್ಕೆ ನೂರು ಅಸಲಿ, ಆದ್ರೆ ಹವಾಮಾನ ಇಂಗ್ಲೆಂಡಿಂದು, ಮೋಡ, ಜಿಟಿಜಿಟಿ ಮಳೆ, ಜಾಕೆಟ್ ಹಾಕ್ಕೊಂಡು ರೋಮನ್ ತೋಟ ನೋಡ್ಬೇಕು. ಮಾಲಿಬುನಲ್ಲಿ ಉಲ್ಟಾ. ಬೇಲಿ ಎಲ್ಲಾ ಊಹೆ, ಹವಾಮಾನ ಮಾತ್ರ ಅಸಲಿ. ಬೇಸಿಗೇಲಿ ಒಂದು ಹನಿ ಮಳೆ ಇಲ್ಲ, ಚಳಿಗಾಲದಲ್ಲಿ ಮಳೆ, ಪಕ್ಕದಲ್ಲೇ ಸಮುದ್ರ, ನೇಪಲ್ಸ್ ಕೊಲ್ಲಿಯ ಹವೆಗೆ ಇಷ್ಟು ಹತ್ರದ ಹವೆ ಬೇಕಂದ್ರೂ ಸುಲಭಕ್ಕೆ ಸಿಗಲ್ಲ. ನನ್ನ ವೋಟು ಹವಾಮಾನಕ್ಕೆ. ಯಾಕೆ ಅಂದ್ರೆ ಆ ತೋಟವನ್ನ ಹಾಗೆ ಕಟ್ಟಿದ್ದೇ ಬಿಸಿಲಿಗೋಸ್ಕರ.

ಇದು ಗೊತ್ತಾಗಿದ್ದು ಒಳಗೆ ನಡೆದಾಗ. ಮುಂಬಾಗಿಲು ದಾಟಿದ್ರೆ ಏಟ್ರಿಯಂ, ಮಾಡಿನ ಮಧ್ಯೆ ಚೌಕಾಕಾರದ ತೆರವು, ನಾಲ್ಕೂ ಕಡೆ ಮಾಡು ಒಳಕ್ಕೆ ಇಳಿಜಾರು, ಕೆಳಗೆ ಅದೇ ಅಳತೆಯ ತಗ್ಗಾದ ತೊಟ್ಟಿ. ಅಮ್ಮ ಒಳಗೆ ಕಾಲಿಟ್ಟವಳೇ "ಇದು ನಮ್ಮ ಅಜ್ಜನ ಮನೆ ತೊಟ್ಟಿ ಕಣೇ" ಅಂದ್ಲು. ಹೌದು, ಮಲೆನಾಡಿನ ತೊಟ್ಟಿ ಮನೇದು ಏನು ಕೆಲಸವೋ ಅದೇ ಕೆಲಸ, ಗಾಳಿ, ಬೆಳಕು, ಮಳೆ ನೀರು. ರೋಮನ್ನರು ಆ ನೀರನ್ನ ನೆಲದಡಿ ತೊಟ್ಟಿಗೆ ಇಳಿಸಿ ಬಳಸ್ತಿದ್ರು, ನಮ್ಮಲ್ಲಿ ಹೊರಗೆ ಹೋಗೋಕೆ ದಾರಿ ಬಿಡ್ತಾರೆ, ಯಾಕಂದ್ರೆ ತೀರ್ಥಹಳ್ಳಿ ಮಳೇನ ಕೂಡಿಡ್ತೀನಿ ಅಂತ ಹೊರಟ್ರೆ ಮನೇನೇ ತೇಲಿ ಹೋದೀತು.

ಅಲ್ಲಿಂದ ಒಳಗಿನ ಪೆರಿಸ್ಟೈಲ್, ಅಂದ್ರೆ ಸುತ್ತ ಕಂಬದ ಜಗಲಿ, ಮಧ್ಯೆ ತೋಟ. ಉದ್ದನೆ ಸಣ್ಣ ಕೊಳ, ದಡದಲ್ಲಿ ಐದು ಜನ ಕಂಚಿನ ಹೆಂಗಸರು, ಕಣ್ಣಿಗೆ ಬಿಳಿ ಬೇರೆ ಕೂರಿಸಿರೋದ್ರಿಂದ ಸಡನ್ನಾಗಿ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಆಮೇಲೆ ಹೊರಗಿನ ದೊಡ್ಡ ಪೆರಿಸ್ಟೈಲ್, ಅದೇ ಫೋಟೋದ ಜಾಗ. ನಾವು ಹೋಗಿದ್ದು ಜುಲೈನಲ್ಲಿ, ಮಟಮಟ ಮಧ್ಯಾಹ್ನ. ಕೊಳದ ಪಕ್ಕ ನಿಂತ್ರೆ ತಲೆ ಸುಡುತ್ತೆ, ಅಲ್ಲಿಂದ ಕಂಬದ ಜಗಲಿಗೆ ಹತ್ತು ಹೆಜ್ಜೆ ಹಾಕಿದ್ರೆ ತಣ್ಣಗೆ. ಜಗಲಿ ಗೋಡೆ ಮೇಲೆ ಮತ್ತೆ ತೋಟದ್ದೇ ಚಿತ್ರ, ಕಂಬ, ಹೂಮಾಲೆ, ಹಕ್ಕಿ, ಅಂದ್ರೆ ಬಿಸಿಲಿಗೆ ಇಳಿಯೋಕೆ ಮನಸ್ಸಿಲ್ಲದೋರು ನೆರಳಲ್ಲಿ ನಿಂತೇ ಗೋಡೆ ಮೇಲೆ ತೋಟ ನೋಡ್ಬಹುದು. ಈ ತೋಟ ಹೂವು ನೋಡೋಕೆ ಮಾಡಿದ್ದಲ್ಲ, ನೆರಳಲ್ಲಿ ನಡ್ಕೊಂಡು ಮಾತಾಡೋಕೆ ಮಾಡಿದ್ದು, ಕಣ್ಣಿಗೆ ತಂಪು ಬೇಕು ಅಂತ ಮಧ್ಯೆ ಹಸಿರು ಮತ್ತೆ ನೀರು. ಹಾಗೆ ನೋಡಿದ್ರೆ ಬೇಲಿ ಗೆರೆ ಒಂದಡಿ ಆಚೆ ಈಚೆ ಆದ್ರೂ ಏನೂ ಹೋಗಲ್ಲ, ಕಂಬದ ಜಗಲಿ ಅಗಲ ತಪ್ಪಿದ್ರೆ ಎಲ್ಲಾ ಹೋಯ್ತು. ಅದು ಇಲ್ಲಿ ತಪ್ಪಿಲ್ಲ.

ಕೊಳದ ತುದೀಲಿ ಒಬ್ಬ ಕುಡುಕ ಸ್ಯಾಟಿರ್, ಅಂದ್ರೆ ಗ್ರೀಕ್ ಪುರಾಣದ ವೈನ್ ದೇವರ ಸಂಗಡಿಗ, ಇದಾನೆ, ಚರ್ಮದ ವೈನ್ ಚೀಲದ ಮೇಲೆ ಒರಗಿ ಮಲಗಿ, ಬಲಗೈ ಮೇಲಕ್ಕೆತ್ತಿ. ಆ ಕೈಯನ್ನ ಹತ್ರದಿಂದ ನೋಡಿ. ಹೆಬ್ಬೆರಳು ಮತ್ತೆ ಮಧ್ಯದ ಬೆರಳು ಸೇರಿಸ್ಕೊಂಡು ಚಿಟಿಕೆ ಹೊಡೀತಿದಾನೆ, ಕಾಲು ಒಂದು ಮೇಲಕ್ಕೆ ಹೋಗಿದೆ, ಬಾಯಿ ಅರ್ಧ ತೆರೆದಿದೆ, ಏನೋ ಹಾಡು ಗುನುಗ್ತಿರೋ ಹಾಗಿದೆ. ಅಲ್ಲಿ ಬಹಳ ಜನ ಸೆಲ್ಫಿ ತಗೊಂಡು ಹೋಗ್ತಾರೆ, ಚಿಟಿಕೆ ಯಾರೂ ನೋಡಲ್ಲ. ಅಪ್ಪ ನೋಡಿದ್ರು. "ನಮ್ಮೂರಲ್ಲೂ ಇದಾನೆ ಇಂಥವ್ನು" ಅಂದ್ರು, ಹೆಸರೂ ಹೇಳಿದ್ರು, ಅದು ಇಲ್ಲಿ ಬೇಡ.

ಇನ್ನು ಗಿಡ. ಬಾಕ್ಸ್‌ವುಡ್, ಲಾರೆಲ್, ಮಿರ್ಟಲ್, ಐವಿ, ಅಕ್ಯಾಂಥಸ್, ಜೊತೆಗೆ ಗುಲಾಬಿ, ದಾಳಿಂಬೆ. ಹೂವಿಗಿಂತ ಎಲೆಯೇ ಜಾಸ್ತಿ, ರೋಮನ್ನರ ತೋಟ ಹಾಗೇ ಇರ್ತಿತ್ತು. ದಾಳಿಂಬೆ ಹೂ ಕೆಂಪಗೆ ಬಿಟ್ಟಿತ್ತು, ಒಂದೆರಡು ಪುಟ್ಟ ಕಾಯಿನೂ ಇತ್ತು. ಅಮ್ಮನ ಕಣ್ಣು ಬಿದ್ದಿದ್ದು ಕಣಗಲೆ ಮೇಲೆ. ನಮ್ಮ ಕಡೆ ದೇವರ ಪೂಜೆಗೆ ಬುಟ್ಟಿ ತುಂಬಾ ಕುಯ್ಯೋ ಹೂವು, ಇಲ್ಲಿ ರೋಮನ್ ಶ್ರೀಮಂತನ ಅಂಗಳದಲ್ಲಿ. ಪಾಂಪೇಯ ಗೋಡೆ ಚಿತ್ರಗಳಲ್ಲಿ ಕಣಗಲೆ ಬೇಕಾದಷ್ಟಿದೆ, ಹಾಗಾಗಿ ಅದು ಇಲ್ಲಿರೋದು ಸರಿಯಾಗೇ ಇದೆ. ದನಕ್ಕೆ ವಿಷ ಅಂತ ಅವರಿಗೂ ಗೊತ್ತಿತ್ತು. ಕ್ಯಾಲಿಫೋರ್ನಿಯಾದೋರು ಅದನ್ನೇ ಹೈವೇ ಮಧ್ಯದಲ್ಲಿ ಮೈಲಿಗಟ್ಟಲೆ ನೆಟ್ಟಿದಾರೆ, ನೀರಿಲ್ದೇನೂ ಬದುಕುತ್ತೆ ಅಂತ.

ಅಮ್ಮನಿಗೆ ನಿಜವಾಗಿ ಖುಷಿ ಕೊಟ್ಟಿದ್ದು ಪಕ್ಕದ ಹರ್ಬ್ ಗಾರ್ಡನ್. ಅಲ್ಲಿ ಪೋಸ್ ಕೊಡೋ ವಿಗ್ರಹಗಳ ಹಾವಳಿ ಕಡಿಮೆ, ಅಡುಗೆಮನೆ ಹಿತ್ತಲು ಅನ್ನಿ. ಅಂಜೂರ, ದ್ರಾಕ್ಷಿ ಚಪ್ಪರ, ಆಲಿವ್, ಪುದೀನ, ಥೈಮ್, ಕಾಮಕಸ್ತೂರಿ. ಅಮ್ಮ ಕಾಮಕಸ್ತೂರಿ ಎಲೆ ಒಂದನ್ನ ಕೀಳದೇನೇ ಬೆರಳಲ್ಲಿ ಉಜ್ಜಿ ಮೂಸಿ, ಸೆಕ್ಯೂರಿಟಿ ನೋಡಿದ್ನಾ ಅಂತ ಆ ಕಡೆ ಈ ಕಡೆ ನೋಡಿ, ಆ ಬೆರಳನ್ನ ನನ್ನ ಮೂಗಿಗೂ ಹಿಡಿದ್ಲು. ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ, ಸಾಸಿವೆ ಎಲ್ಲಾ ರೋಮನ್ನರ ಹತ್ರ ಇತ್ತು. ಇಲ್ಲದೇ ಇದ್ದಿದ್ದನ್ನ ಕೇಳಿದ್ರೆ ಇಟಲಿಯೋರಿಗೇ ಅಳು ಬರ್ಬೇಕು, ಟೊಮೆಟೊ ಇಲ್ಲ, ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಜೋಳ ಅಂದ್ರೆ ಮುಸುಕಿನ ಜೋಳ ಅದೂ ಇಲ್ಲ, ಎಲ್ಲಾ ಅಮೆರಿಕಾದಿಂದ ಆಮೇಲೆ ಬಂದಿದ್ದು. ಚೆಂಡು ಹೂವೂ ಅಷ್ಟೇ. ಹಾಗಾಗಿ ಅಮೆರಿಕಾದಲ್ಲಿ ಇದ್ಕೊಂಡು ಅಮೆರಿಕಾದ ಗಿಡ ಯಾವುದೂ ಒಳಗೆ ಬರದ ಹಾಗೆ ನೋಡ್ಕೊಳ್ಳೋ ಪಾಡು ಈ ಮಾಲಿಗಳದ್ದು.

ಖಾರಕ್ಕೆ ಏನ್ ಮಾಡ್ತಿದ್ರು ಅಂದ್ರೆ ಕಾಳುಮೆಣಸು, ಅದು ನಮ್ಮ ಪಶ್ಚಿಮ ಘಟ್ಟದ್ದು. ಅದನ್ನ ಈ ತೋಟದಲ್ಲಿ ಬೆಳೆಸೋಕೆ ಆಗಲ್ಲ, ಆದ್ರೆ ಈ ಬಂಗಲೆ ಅಡುಗೆಮನೇಲಿ ಖಂಡಿತ ಇರ್ತಿತ್ತು. ಕೇರಳ ಕರಾವಳಿಯ ಮುಜಿರಿಸ್ ಬಂದರಿಂದ ಹಡಗಿನ ತುಂಬ ಹೋಗ್ತಿತ್ತು, ರೋಮ್‌ನಲ್ಲಿ ಅದಕ್ಕೇ ಅಂತ ಗೋಡೌನ್ ಕಟ್ಟಿಸಿದ್ರು. ವೆಸುವಿಯಸ್ ಸಿಡಿದಾಗಲೇ ಸತ್ತ ರೋಮನ್ ಲೇಖಕ ಹಿರಿಯ ಪ್ಲಿನಿ ರೇಟ್ ಸಮೇತ ಬರೆದಿಟ್ಟಿದಾನೆ, ಒಂದು ರೋಮನ್ ಪೌಂಡ್ ಕರಿಮೆಣಸಿಗೆ 4 ಡಿನೇರಿಯಸ್ ಅನ್ನೋ ಬೆಳ್ಳಿ ನಾಣ್ಯ, ಬಿಳಿ ಮೆಣಸಿಗೆ 7, ಹಿಪ್ಪಲಿಗೆ 15. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ನಾಲ್ಕು ಸೇರಿದ್ರೆ ಒಂದು ಡಿನೇರಿಯಸ್) ಇಂಡಿಯಾಕ್ಕೆ ಹರಿದು ಹೋಗ್ತಿದೆ ಅಂತ ಗೋಳಾಡ್ಕೊಂಡಿದಾನೆ. ಆ ಬೆಳ್ಳಿ ನಾಣ್ಯ ಎಲ್ಲಿ ಹೋದ್ವು ಅಂದ್ರೆ, ಕೆಲವು ಚಿತ್ರದುರ್ಗದ ಚಂದ್ರವಳ್ಳೀಲಿ ಸಿಕ್ಕಿವೆ, ಕೆಲವು ನಮ್ಮ ಯಶವಂತಪುರದಲ್ಲೇ 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ಸಿಕ್ವು! ಯಶವಂತಪುರ ಅಂದಾಗ ಅಪ್ಪ ನಂಬ್ಲಿಲ್ಲ, ಫೋನ್ ತೆಗೆದು ತೋರಿಸ್ಬೇಕಾಯ್ತು. ಪಾಂಪೇಯ ಒಂದು ಮನೇಲಿ ಆನೆ ದಂತದ ಭಾರತೀಯ ಸ್ತ್ರೀ ವಿಗ್ರಹವೂ ಸಿಕ್ಕಿದೆ, ಪಾಂಪೇ ಲಕ್ಷ್ಮಿ ಅಂತಾರೆ, ಅದೂ ಈ ಕುಡುಕ ಸ್ಯಾಟಿರಿನ ಅಸಲಿ ಇರೋ ನೇಪಲ್ಸ್ ಮ್ಯೂಸಿಯಂನಲ್ಲೇ ಇದೆ. ರೋಮನ್ ಅಡುಗೆ ಬರಹದಲ್ಲಿ ಒಂದು ಸಿಹಿ ಇದೆ, ಖರ್ಜೂರದ ಬೀಜ ತೆಗೆದು ಒಳಗೆ ಬೀಜದ ಪುಡಿನೋ ಕುಟ್ಟಿದ ಮೆಣಸೋ ತುಂಬಿ, ಮೇಲೆ ಉಪ್ಪು ಸವರಿ, ಜೇನಲ್ಲಿ ಹುರಿಯೋದು. ಆಮೇಲೆ ಮನೇಲಿ ಅಮ್ಮ ಮಾಡಿದ್ಲು. ಚೆನ್ನಾಗಿರುತ್ತೆ, ಮೆಣಸು ದಪ್ಪ ದಪ್ಪ ಕುಟ್ಟಿ, ಜೇನು ಸೀದು ಹೋಗದ ಹಾಗೆ ಉರಿ ಸಣ್ಣ ಇಡಿ ಅಷ್ಟೇ.

ನಂಗೆ ಅಲ್ಲಿ ಕಾಣದೇ ಕಾಡಿದ್ದು ಕೆಲಸದೋರು. ಈಗಿನೋರಲ್ಲ, ಆಗಿನೋರು. ಇಷ್ಟು ಬೇಲಿ ಕತ್ತರಿಸೋಕೆ, ಇಷ್ಟು ನೀರು ಹೊರೋಕೆ ಎಷ್ಟು ಗುಲಾಮರು ಬೇಕಾಗಿತ್ತು, ಬಂಗಲೆ ಫಲಕಗಳಲ್ಲಿ ಮಾಲೀಕ ಪೀಸೋ ಬರ್ತಾನೆ, ತತ್ವಜ್ಞಾನಿ ಫಿಲೋಡಿಮಸ್ ಬರ್ತಾನೆ, ಗಿಡ ಕತ್ತರಿಸಿದೋನು ಕಣ್ಣಿಗೆ ಬೀಳ್ಲಿಲ್ಲ. ರೋಮನ್ನರು ಅಲಂಕಾರದ ತೋಟದ ಮಾಲಿಗೆ ಟೋಪಿಯಾರಿಯಸ್ ಅಂತಿದ್ರು, ಬಹುತೇಕ ಗುಲಾಮರು ಅಥವಾ ಬಿಡುಗಡೆ ಆದ ಗುಲಾಮರು. ರೋಮಿನ ದೊಡ್ಡ ಭಾಷಣಕಾರ ಸಿಸೆರೊ ತನ್ನ ತಮ್ಮನಿಗೆ ಬರೆದ ಒಂದು ಪತ್ರದಲ್ಲಿ ನಿನ್ನ ಮಾಲೀನ ಹೊಗಳಿದೆ ಕಣಪ್ಪ, ಎಲ್ಲಾ ಕಡೆ ಎಷ್ಟು ಚೆನ್ನಾಗಿ ಐವಿ ಹಬ್ಬಿಸಿದಾನೆ ಅಂದ್ರೆ ಆ ಗ್ರೀಕ್ ಬಟ್ಟೆ ಹಾಕಿರೋ ವಿಗ್ರಹಗಳೇ ತೋಟದ ಕೆಲಸ ಮಾಡಿ ಐವಿ ಮಾರೋಕೆ ನಿಂತ ಹಾಗಿದೆ ಅನ್ನೋ ಅರ್ಥದಲ್ಲಿ ಬರೀತಾನೆ. ಜೋಕ್ ಚೆನ್ನಾಗಿದೆ, ಮಾಲಿ ಹೆಸರು ಮಾತ್ರ ಬರೆದಿಲ್ಲ. ಆ ಹಿರಿಯ ಪ್ಲಿನಿಯ ಸೋದರಳಿಯ ಕಿರಿಯ ಪ್ಲಿನಿ ಸ್ವಲ್ಪ ವಾಸಿ. ಅವನ ಟಸ್ಕನಿ ತೋಟದಲ್ಲಿ ಬಾಕ್ಸ್‌ವುಡ್ ಗಿಡಗಳನ್ನ ಅಕ್ಷರದ ಆಕಾರಕ್ಕೆ ಕತ್ತರಿಸಿದ್ರಂತೆ, ಒಂದು ಕಡೆ ಯಜಮಾನನ ಹೆಸರು, ಇನ್ನೊಂದು ಕಡೆ ಅದನ್ನ ಕತ್ತರಿಸಿದೋನ ಹೆಸರು. ಕತ್ತರಿಸಿದೋನ ಹೆಸರು! ಅದೇ ತೋಟದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಅಮೃತಶಿಲೆ ಊಟದ ಪೀಠ ಬೇರೆ ಇತ್ತು, ಕೂತೋರ ಭಾರಕ್ಕೇ ಹಿಂಡಿ ಬಂದ ಹಾಗೆ ಕೆಳಗಿಂದ ನೀರು ಚಿಮ್ಮೋದು, ಎದುರಿನ ತೊಟ್ಟೀಲಿ ಸಣ್ಣ ತಿಂಡಿಗಳು ದೋಣಿ, ಹಕ್ಕಿ ಆಕಾರದ ಪಾತ್ರೇಲಿ ತೇಲ್ಕೊಂಡು ಬರ್ತಿದ್ವು. ಗೆಟ್ಟಿ ವಿಲ್ಲಾದೋರಿಗೆ ನಂದೊಂದು ಸಲಹೆ, ಇಷ್ಟೆಲ್ಲಾ ಊಹೆ ಮಾಡಿ ನೆಟ್ಟಿದೀರ, ಒಂದು ಬೇಲೀನ ಪ್ಲಿನಿ ಹೇಳಿದ ಹಾಗೆ ಕತ್ತರಿಸಿ, ಈಗಿನ ಮಾಲಿಗಳ ಹೆಸರನ್ನೇ ಹಾಕಿ.

ಅವರಿಗೆ ಆ ಗೌರವ ಸಲ್ಲಬೇಕು ಅನ್ನೋಕೆ ಇನ್ನೊಂದು ಕಾರಣ ಇದೆ. 2025ರ ಜನವರಿ 7ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಪಾಲಿಸೇಡ್ಸ್ ಕಾಡ್ಗಿಚ್ಚು ಬಂತಲ್ಲ, ಇಡೀ ಬಡಾವಣೆ ಸುಟ್ಟು ಹೋಯ್ತಲ್ಲ, ಅದು ಈ ಎಸ್ಟೇಟಿನ ಒಳಗೂ ಬಂತು. ಸುತ್ತ ಗುಡ್ಡದ ಮರ ಎಲ್ಲಾ ಹತ್ಕೊಳ್ತು. ಮುಂಚೇನೇ ಪೊದೆ ಸವರಿ, ಒಣಗಿದ್ದು ತೆಗೆದು, ನೀರು ಹಾಯ್ಸಿ ಇಟ್ಟಿದ್ರು, ಒಂದಷ್ಟು ಸಿಬ್ಬಂದಿ ರಾತ್ರಿಯೆಲ್ಲಾ ಅಲ್ಲೇ ಉಳ್ಕೊಂಡು ಅಲ್ಲಲ್ಲಿ ಹತ್ಕೊಂಡಿದ್ದನ್ನ ಆರಿಸಿದ್ರು, ಕಟ್ಟಡ ಉಳೀತು, ಒಳಗಿನ ವಸ್ತುಗಳು ಉಳಿದ್ವು. ಬೆಂಕಿಗೆ ಹಾಳಾದ 1300ಕ್ಕೂ ಹೆಚ್ಚು ಮರಗಳನ್ನ ಆಮೇಲೆ ಕಡಿದು ತೆಗೀಬೇಕಾಯ್ತು. ಜೂನ್ 27ಕ್ಕೆ ಮತ್ತೆ ತೆರೆದ್ರು. ನಾವು ಹೋದಾಗ ಒಳಗೆ ಬೇಲಿ ಕೊಳ ಎಲ್ಲಾ ನೀಟಾಗಿತ್ತು, ತಲೆ ಎತ್ತಿ ಗುಡ್ಡ ನೋಡಿದ್ರೆ ಮಾತ್ರ ಬೋಳಾಗಿತ್ತು. ವೆಸುವಿಯಸ್ ಕೆಳಗೆ ಹೂತ ಮನೆಯ ಕಾಪಿ ಇದು, ಅದಕ್ಕೂ ಬೆಂಕಿ ಬರ್ಬೇಕಾ ಅನ್ನಿಸ್ತು. ಅಪ್ಪ ಗುಡ್ಡ ನೋಡಿ, ಮೊದಲ ಮಳೆಗೆ ಈ ಮಣ್ಣೆಲ್ಲಾ ಕೆಳಗೆ ಬರುತ್ತೆ, ತಡೆ ಕಟ್ಟಿದಾರಾ ಅಂದ್ರು, ಅವರ ಎರಡನೇ ಪ್ರಶ್ನೆ ಅದೇ ಅಲ್ವಾ.

ಹೋಗೋರಿಗೆ ಒಂದಷ್ಟು ವಿಷಯ. ಟಿಕೆಟ್ ಫ್ರೀ, ಆದ್ರೆ ಆನ್‌ಲೈನಲ್ಲಿ ಟೈಮ್ ಸ್ಲಾಟ್ ಬುಕ್ ಮಾಡ್ಲೇಬೇಕು, ಕಾರ್ ಪಾರ್ಕಿಂಗಿಗೆ ದುಡ್ಡು, ಹಾಗಾಗಿ ಇಬ್ಬರಿಗಿಂತ ಕಾರ್ ತುಂಬ ಹೋದ್ರೆ ಲಾಭ. ಬೆಂಕಿ ಆದ್ಮೇಲೆ ಶುಕ್ರವಾರದಿಂದ ಸೋಮವಾರದವರೆಗೆ ಮಾತ್ರ ತೆರೆದಿದ್ರು, ಬುಕ್ ಮಾಡೋವಾಗ ದಿನ ನೋಡ್ಕೊಳ್ಳಿ. ಪಾರ್ಕಿಂಗಿಂದ ಮೇಲೆ ಹತ್ತಿ ಹೋಗ್ಬೇಕು, ಮಂಡಿ ನೋವಿರೋರನ್ನ ಕರ್ಕೊಂಡು ಹೋದ್ರೆ ಲಿಫ್ಟ್ ಎಲ್ಲಿ ಅಂತ ಮೊದ್ಲೇ ಕೇಳಿ. ಈಸ್ಟ್ ಗಾರ್ಡನ್ ಅಂತ ಒಂದು ಸಣ್ಣ ಅಂಗಳ ಇದೆ, ಪಾಂಪೇಯ ಒಂದು ಮನೆಯ ಕಾರಂಜಿಯನ್ನ ಮೊಸಾಯಿಕ್, ಚಿಪ್ಪು, ನಾಟಕದ ಮುಖವಾಡ ಸಮೇತ ಹಾಗೇ ಮಾಡಿದಾರೆ, ದೊಡ್ಡ ಕೊಳ ನೋಡಿ ಸುಸ್ತಾದೋರು ಅಲ್ಲಿಗೆ ಹೋಗದೇ ವಾಪಸ್ ಬರ್ತಾರೆ, ಹಾಗೆ ಮಾಡ್ಬೇಡಿ. ಕೆಫೆಯಲ್ಲಿ ರೇಟ್ ಜಾಸ್ತಿ, ನಾವು ಪುಳಿಯೋಗರೆ ಕಟ್ಕೊಂಡು ಹೋಗಿದ್ವಿ, ಅದನ್ನ ವಿಲ್ಲಾ ಒಳಗೆ ಬಿಚ್ಚೋ ಸಾಹಸ ಮಾಡ್ದೆ ಹೈವೇ ದಾಟಿ ಬೀಚ್ ಕಡೆ ಕಾರ್ ನಿಲ್ಲಿಸಿ ತಿಂದ್ವಿ, ಮರಳು ಸೇರ್ಕೊಂಡು ಕಡ್ಲೇಬೀಜಕ್ಕೂ ಮರಳಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ.